ಪಗ್ ಮರಿಗೆ ಎಷ್ಟು ವಾಕಿಂಗ್ ಬೇಕು? ಮಂಗಳೂರಿನ ಸೆಕೆಯಲ್ಲಿ ನನ್ನ ಅನುಭವ

ಪಗ್ ಮರಿ ತಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಹೊತ್ತು ನಡೆಸಬೇಕು? ನಮ್ಮ ಮರಿ ಕಡ್ಲೆ ಮನೆಗೆ ಬಂದಾಗ ನಾನೂ ಅದನ್ನೇ ಕೇಳಿದ್ದೆ. ಈಗ ಯಾರಾದರೂ ನನ್ನ ಹತ್ತಿರ ಕೇಳಿದರೆ ನಿಮಿಷದ ಲೆಕ್ಕ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು, ನಿಮ್ಮ ಊರಿನ ಹವೆ ಹೇಗೆ, ಮರಿ ಉಸಿರಾಡುವಾಗ ಎಂಥ ಸದ್ದು ಬರುತ್ತದೆ ಅಂತ ವಿಚಾರಿಸುತ್ತೇನೆ.

ನಮ್ಮ ದೇಶದಲ್ಲಿ ಪಗ್ ಮನೆಮಾತಾದದ್ದು 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಿಂದ. ಇವತ್ತಿಗೂ ನಮ್ಮ ಬೀದಿಯ ಅಂಗಡಿಯವರು ಕಡ್ಲೆಯನ್ನು ‘ಹಚ್ ನಾಯಿ’ ಅಂತಲೇ ಕರೆಯುತ್ತಾರೆ. ಆ ಜಾಹೀರಾತಿನಲ್ಲಿ ಹುಡುಗ ಎಲ್ಲಿ ಹೋದರೂ ನಾಯಿ ಹಿಂದೆಯೇ ಹೋಗುತ್ತದೆ. ಪಗ್ ಸ್ವಭಾವ ನಿಜಕ್ಕೂ ಹಾಗೆಯೇ. ನೀವು ನಡೆದಷ್ಟೂ ಅದು ಬರುತ್ತದೆ. ಸುಸ್ತಾಗಿ ಕೂರುವ ಹೊತ್ತಿಗೆ ಅದರ ಮಿತಿ ಯಾವತ್ತೋ ದಾಟಿರುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ನಾವೇ ನೋಡಿಕೊಳ್ಳಬೇಕು.

ಕಾರಣ ಮುಖದಲ್ಲೇ ಇದೆ. ತಲೆಬುರುಡೆ ಮೋಟಾಗಿದೆ, ಆದರೆ ಒಳಗಿನ ಮಾಂಸ ಅದಕ್ಕೆ ತಕ್ಕಷ್ಟು ಕಡಿಮೆಯಾಗಿಲ್ಲ. ಮೂಗಿನ ಹೊಳ್ಳೆ ಕಿರಿದು, ಅಂಗುಳದ ಹಿಂಭಾಗ ಉದ್ದ, ಕೆಲವಕ್ಕೆ ಶ್ವಾಸನಾಳವೂ ಸಣ್ಣದು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಹೊರಹಾಕಿ ತೇಕಿ, ಆ ತೇವ ಆರಿದಾಗಲೇ ಮೈ ತಣ್ಣಗಾಗುವುದು. ಗಾಳಿ ಹೋಗಿಬರುವ ದಾರಿಯೇ ಇಕ್ಕಟ್ಟಾದರೆ ತೇಕುವುದೇ ಒಂದು ದೊಡ್ಡ ಕೆಲಸ. ಆ ಕೆಲಸದಿಂದಲೇ ಮೈ ಇನ್ನಷ್ಟು ಕಾಯುತ್ತದೆ.

ಮಂಗಳೂರಿನ ಕಷ್ಟ ಇರುವುದು ಇಲ್ಲೇ. ಏಪ್ರಿಲ್‌ನಲ್ಲಿ ಕಲಬುರಗಿ 40 ಡಿಗ್ರಿ ದಾಟುತ್ತದೆ, ನಮ್ಮಲ್ಲಿ 34ರ ಆಸುಪಾಸು. ಹಾಗಂತ ನಾವು ಆರಾಮ ಅಂದುಕೊಳ್ಳುವ ಹಾಗಿಲ್ಲ. ಒಣಗಲು ಹಾಕಿದ ಬಟ್ಟೆಯೇ ಸರಿಯಾಗಿ ಆರದ ಸೆಕೆಯಲ್ಲಿ ನಾಯಿಯ ನಾಲಿಗೆಯ ತೇವ ಎಲ್ಲಿಂದ ಆರಬೇಕು? ಅದಕ್ಕೇ ನಾನು ಮೊಬೈಲ್‌ನಲ್ಲಿ ಡಿಗ್ರಿ ನೋಡಿದ ಮೇಲೆ ತೇವಾಂಶವನ್ನೂ ನೋಡುತ್ತೇನೆ. ಎರಡೂ ಜಾಸ್ತಿ ಇದ್ದ ದಿನ ವಾಕಿಂಗ್ ಇಲ್ಲ. ಕೆಳಗೆ ಹೋಗಿ, ಒಂದು ಎರಡು ಮುಗಿಸಿ, ವಾಪಸ್.

ಮೊದಲ ಲಸಿಕೆಗಳು ಮುಗಿಯುವ ತನಕ ಕಡ್ಲೆಯನ್ನು ರಸ್ತೆಯಲ್ಲಿ ನೆಲಕ್ಕೆ ಬಿಟ್ಟಿರಲಿಲ್ಲ. ಸಾಮಾನ್ಯವಾಗಿ 6ರಿಂದ 8 ವಾರದಲ್ಲಿ ಲಸಿಕೆ ಶುರುವಾಗಿ, 3–4 ವಾರಕ್ಕೊಂದರಂತೆ 16 ವಾರದ ತನಕ ಹೋಗುತ್ತದೆ. ಮರಿಗಳ ಜೀವಕ್ಕೇ ಕುತ್ತು ತರುವ ವಾಂತಿಭೇದಿಯ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೀದಿನಾಯಿಗಳು ಓಡಾಡುವ ಜಾಗದಲ್ಲಿ ಲಸಿಕೆ ಪೂರ್ತಿಯಾಗದ ಮರಿಯನ್ನು ಇಳಿಸುವ ಧೈರ್ಯ ನನಗಿಲ್ಲ. ಆದರೆ ಮರಿ ಲೋಕ ನೋಡಿ ಹೆದರಿಕೆ ಬಿಡುವ ವಯಸ್ಸೂ ಅದೇ. ಸುಮಾರು 14 ವಾರದೊಳಗೆ ನೋಡಿದ್ದು, ಕೇಳಿದ್ದು ಜೀವನಪೂರ್ತಿ ಉಳಿಯುತ್ತದೆ. ಹಾಗಾಗಿ ದಿನಾ ಎತ್ತಿಕೊಂಡು ಹೊರಗೆ ಹೋಗುತ್ತಿದ್ದೆ. ಮೀನಿನ ಸ್ಕೂಟರ್‌ನ ಹಾರ್ನ್, ಸಿಟಿ ಬಸ್ಸಿನ ಕಂಡಕ್ಟರ್‌ನ ವಿಸಿಲ್, ಹೆಲ್ಮೆಟ್ ಹಾಕಿದ ಜನ, ಛತ್ರಿ ಎಲ್ಲವನ್ನೂ ನನ್ನ ಕೈಯಲ್ಲಿ ಕೂತೇ ನೋಡಿತು. ಮನೆಯ ಹಜಾರದಲ್ಲಿ ಹಾರ್ನೆಸ್ ಹಾಕಿಕೊಂಡು ನಡೆಯುವುದನ್ನು ಕಲಿಸಿದೆ.

ಹಾರ್ನೆಸ್ ಅಂದೆ, ಕುತ್ತಿಗೆಯ ಬೆಲ್ಟ್ ಅಲ್ಲ. ಪಗ್‌ಗೆ ಬೆಲ್ಟ್‌ನಲ್ಲಿ ಲೀಶ್ ಕಟ್ಟಿ ಎಳೆಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮೊದಲೇ ಇಕ್ಕಟ್ಟಾದ ಶ್ವಾಸನಾಳದ ಮೇಲೆ ಇನ್ನೂ ಒತ್ತಡ. ಕುತ್ತಿಗೆ ಬಿಗಿದರೆ ಕಣ್ಣಿನ ಮೇಲೂ ಒತ್ತಡ ಬೀಳುತ್ತದೆ. ಇವುಗಳ ಕಣ್ಣುಗುಳಿ ಆಳವಿಲ್ಲ, ಕಣ್ಣು ಮೊದಲೇ ಹೊರಗೆ ಉಬ್ಬಿಕೊಂಡಿರುತ್ತದೆ. ಎದೆಯ ಮೇಲೆ ಅಡ್ಡ ಬರುವ, ಕಂಕುಳು ಉಜ್ಜದ ಹಾರ್ನೆಸ್ ತೆಗೆದುಕೊಳ್ಳಿ. ಮರಿ ಬೆಳೆದ ಹಾಗೆ ಬದಲಿಸಬೇಕು.

ಇನ್ನು ನಿಮಿಷಗಳ ಲೆಕ್ಕ. ತಿಂಗಳ ವಯಸ್ಸಿಗೆ 5 ನಿಮಿಷ ಅನ್ನುವ ಮಾತು ನಾಯಿ ಸಾಕುವವರಲ್ಲಿ ಬಹಳ ಓಡಾಡುತ್ತದೆ. ನಾಲ್ಕು ತಿಂಗಳ ಮರಿಗೆ ಒಂದು ಸಲಕ್ಕೆ 20 ನಿಮಿಷ ಅಂತಾಯಿತು. ಇದಕ್ಕೆ ಗಟ್ಟಿ ಸಂಶೋಧನೆಯ ಆಧಾರ ಇಲ್ಲ, ಆದರೂ ಮೇಲಿನ ಮಿತಿ ಅಂತ ಇಟ್ಟುಕೊಳ್ಳಬಹುದು. ಪಗ್ ಮರಿಗೆ, ಅದೂ ಕರಾವಳಿಯಲ್ಲಿ, ನಾನು ಅದರ ಅರ್ಧಕ್ಕೆ ನಿಲ್ಲಿಸಿದೆ. ನಾಲ್ಕೂವರೆ ತಿಂಗಳಲ್ಲಿ ಬೆಳಿಗ್ಗೆ 10 ನಿಮಿಷ, ರಾತ್ರಿ 10 ನಿಮಿಷ. ಆರು ತಿಂಗಳಾದ ಮೇಲೆ 15. ಈಗ ದೊಡ್ಡವನಾಗಿದ್ದಾನೆ, ಹವೆ ಚೆನ್ನಾಗಿದ್ದರೆ ಎರಡೂ ಹೊತ್ತು 20–25 ನಿಮಿಷ. ಪಕ್ಕದ ಮನೆಯ ಅಂಕಲ್ ಆಗ ದಿನಾ ಕೇಳುತ್ತಿದ್ದರು: “ಎಂತ ಮಾರಾಯ್ರೆ, ಇಷ್ಟು ಬೇಗ ವಾಪಸಾ?” ಹೌದು, ಅಷ್ಟು ಸಾಕು.

ಆ ಹತ್ತು ನಿಮಿಷದಲ್ಲೂ ಅರ್ಧ ಹೊತ್ತು ಮೂಸುವುದೇ. ಗೇಟಿನ ಕಂಬ, ತೆಂಗಿನ ಬುಡ, ಒಂದು ಒಣಗಿದ ಎಲೆ. ಎಳೆಯದೆ ಕಾಯುತ್ತೇನೆ. ಮೂಸಿ ಬಂದ ಮರಿ ಮನೆಗೆ ಬಂದು ತೃಪ್ತಿಯಿಂದ ಮಲಗುತ್ತದೆ. ಸುಮ್ನೆ ಸರಸರ ನಡೆಸಿದರೆ ಮೈ ಮಾತ್ರ ದಣಿಯುತ್ತದೆ, ಮನಸ್ಸಿಗೆ ಏನೂ ಸಿಕ್ಕಿರುವುದಿಲ್ಲ. ಮಿಕ್ಕ ಚುರುಕುತನ ಮನೆಯೊಳಗೆ ಖರ್ಚಾಗಬೇಕು. ಊಟದ ಕಾಳುಗಳನ್ನು ಬಟ್ಟಲಿಗೆ ಹಾಕುವ ಬದಲು ಹಳೆಯ ಬೈರಾಸಿನ ಮಡಿಕೆಗಳಲ್ಲಿ ಸುತ್ತಿಟ್ಟು, ಫ್ಯಾನ್ ಕೆಳಗೆ ಹುಡುಕಲು ಬಿಡುತ್ತೇನೆ.

ನಡೆಯುವಾಗ ನನ್ನ ಕಣ್ಣು ಗಡಿಯಾರಕ್ಕಿಂತ ಜಾಸ್ತಿ ಅವನ ಮುಖದ ಮೇಲೆ ಇರುತ್ತದೆ. ನಾಲಿಗೆ ಸ್ವಲ್ಪ ಹೊರಗಿದ್ದು ಗುಲಾಬಿ ಬಣ್ಣದಲ್ಲಿದ್ದರೆ ಚಿಂತೆಯಿಲ್ಲ. ತುದಿ ಅಗಲವಾಗಿ, ಅಂಚು ಮೇಲಕ್ಕೆ ಮಡಚಿ ಚಮಚದ ಹಾಗೆ ಆಯಿತೆಂದರೆ ಅಲ್ಲೇ ನಿಲ್ಲುತ್ತೇನೆ. ಪ್ರತಿ ಉಸಿರಿಗೂ ಹೊಳ್ಳೆ ಒಳಕ್ಕೆ ಎಳೆದುಕೊಳ್ಳುವುದು, ಬಾಯಿಯ ಮೂಲೆ ಹಿಂದಕ್ಕೆ ಬಿಗಿಯುವುದು, ಗಂಟಲಿನಿಂದ ಒರಟು ಸದ್ದು, ದಪ್ಪ ಜೊಲ್ಲು, ಇವೆಲ್ಲ ‘ಸಾಕು’ ಅನ್ನುವ ಸೂಚನೆ. ನೆರಳಲ್ಲಿ ನಿಂತು ಐದು ನಿಮಿಷದಲ್ಲಿ ಉಸಿರು ಹದಕ್ಕೆ ಬರಬೇಕು. ಬಾರದಿದ್ದರೆ ಎತ್ತಿಕೊಂಡೇ ಮನೆಗೆ. ನಾಲಿಗೆ ನೀಲಿಗೆ ತಿರುಗಿದರೆ ಅಥವಾ ಕಾಲು ತಡವರಿಸಿದರೆ ಅದು ತುರ್ತು ಸ್ಥಿತಿ. ಮೊದಲು ಮೈಗೆ ನಲ್ಲಿ ನೀರು ಸುರಿದು ಗಾಳಿ ಹಾಕಿ, ಆಮೇಲೆ ಎಸಿ ಹಾಕಿದ ಕಾರಿನಲ್ಲಿ ಡಾಕ್ಟರ ಹತ್ತಿರ ಓಡಿ. ಒದ್ದೆ ಬಟ್ಟೆ ಸುತ್ತಿ ಬಿಡಬೇಡಿ, ಶಾಖ ಒಳಗೇ ಉಳಿಯುತ್ತದೆ.

ಮಾರ್ಚ್‌ನಿಂದ ಮೇ ತನಕ ನಾವು ಬೆಳಿಗ್ಗೆ 6ಕ್ಕೆ ಹೊರಡುತ್ತೇವೆ. ಸಂಜೆ ಬಿಸಿಲು ಇಳಿದರೂ ನಮ್ಮ ಕಾಂಕ್ರೀಟ್ ರಸ್ತೆ, ಇಂಟರ್‌ಲಾಕ್ ಅಂಗಳ ಬೇಗ ತಣಿಯುವುದಿಲ್ಲ. ಅಂಗೈಯ ಹಿಂಭಾಗವನ್ನು ನೆಲಕ್ಕಿಟ್ಟು ಏಳು ಸೆಕೆಂಡ್ ತಡೆಯಲಾಗದಿದ್ದರೆ ಮರಿಯ ಪಾದಕ್ಕೂ ಆಗುವುದಿಲ್ಲ. ಏರು ರಸ್ತೆಯಿದ್ದರೆ ಹೋಗುವಾಗಲೇ ಏರು ಮುಗಿಸಿ, ಬರುವಾಗ ಇಳಿಜಾರು ಸಿಗುವ ಹಾಗೆ ದಾರಿ ಇಟ್ಟುಕೊಳ್ಳಿ. ಬೀಚಿನ ಮೆತ್ತನೆಯ ಮರಳು ಚಂದ, ಆದರೆ ಗಿಡ್ಡ ಕಾಲಿಗೆ ಅಲ್ಲಿ ದುಪ್ಪಟ್ಟು ದಣಿವು.

ಮಳೆಗಾಲದ ಚಿಂತೆಯೇ ಬೇರೆ. ನಿಂತ ನೀರಿನಿಂದ ಇಲಿಜ್ವರ ಬರುತ್ತದೆ, ಅದಕ್ಕೂ ಲಸಿಕೆಯಿದೆ, ಹಾಕಿಸಿ. ಹೊಂಡದ ನೀರು ನೆಕ್ಕಲು ಬಿಡಬೇಡಿ. ನಾವು ಫ್ಲ್ಯಾಟಿನ ಕಾರ್ ಪಾರ್ಕಿಂಗ್‌ನಲ್ಲೇ ಸುತ್ತು ಹಾಕಿ, ಬಂದ ಮೇಲೆ ಕಾಲ್ಬೆರಳ ಸಂದಿ, ಮುಖದ ಮಡಿಕೆ ಒಣಗುವ ತನಕ ಒರೆಸುತ್ತೇವೆ. ಹುಲ್ಲಿಗೆ ಹೋದ ದಿನ ಕಿವಿಯ ಹಿಂದೆ ಉಣ್ಣಿ ಇದೆಯಾ ನೋಡುವುದು ವರ್ಷವಿಡೀ ಇದ್ದದ್ದೇ.

ವಾಕಿಂಗ್ ಕಡಿಮೆ ಮಾಡಿದರೆ ದಪ್ಪಗಾಗುವುದಿಲ್ಲವೇ ಅಂತ ಕೇಳುತ್ತಾರೆ. ಆಗುತ್ತದೆ, ಊಟ ಅಷ್ಟೇ ಹಾಕಿದರೆ. ಬೆಳೆದ ಪಗ್‌ನ ತೂಕ 6ರಿಂದ 8 ಕಿಲೋ. ಅದರ ಮೇಲಿನ ಪ್ರತಿ ಅರ್ಧ ಕಿಲೋ ಉಸಿರಾಟಕ್ಕೆ ಭಾರ. ಬೆರಳಾಡಿಸಿದರೆ ಪಕ್ಕೆಲುಬು ಸಿಗಬೇಕು. ಅಮ್ಮ ಪ್ರೀತಿಯಿಂದ ಕೊಡುತ್ತಿದ್ದ ಬಿಸ್ಕತ್ತು ನಿಲ್ಲಿಸಿ, ಸೌತೆಕಾಯಿ ಹೋಳು ಕೊಡಿ ಅಂತ ಒಪ್ಪಿಸಲು ಸ್ವಲ್ಪ ಕಷ್ಟವಾಯಿತು. ಈಗ ಅವರೇ ಹೋಳು ಎಣಿಸಿ ಕೊಡುತ್ತಾರೆ.

ಇಂಗ್ಲೆಂಡಿನಲ್ಲಿ ಇಂಥ ಮೋಟು ಮುಖದ ನಾಯಿಗಳ ಉಸಿರಾಟ ನೋಡಲು ಕೇಂಬ್ರಿಜ್ ವಿಶ್ವವಿದ್ಯಾಲಯ ರೂಪಿಸಿದ ಒಂದು ಪರೀಕ್ಷೆಯನ್ನು 2019ರಿಂದ ಅಲ್ಲಿನ ನಾಯಿ ತಳಿಗಳ ಸಂಸ್ಥೆ ಕೆನೆಲ್ ಕ್ಲಬ್ ನಡೆಸುತ್ತಿದೆ. ನಾಯಿಯನ್ನು ಮೂರು ನಿಮಿಷ ಚುರುಕಾಗಿ ಓಡಾಡಿಸಿ, ಮೊದಲೂ ಆಮೇಲೂ ಸ್ಟೆತಸ್ಕೋಪ್‌ನಿಂದ ಉಸಿರಿನ ಸದ್ದು ಕೇಳಿ, 0 (ತೊಂದರೆಯಿಲ್ಲ) ದಿಂದ 3 (ತೀವ್ರ ತೊಂದರೆ) ರ ತನಕ ದರ್ಜೆ ಕೊಡುತ್ತಾರೆ. ಸುಮ್ಮನೆ ಮೇಜಿನ ಮೇಲೆ ಕೂತ ನಾಯಿಯಲ್ಲಿ ಕೇಳಿಸದ ತೊಂದರೆ ಓಡಾಡಿದ ಮೇಲೆ ಕೇಳಿಸುತ್ತದೆ. ಮೊದಲ ಲಸಿಕೆಗಳು ಪೂರ್ತಿಯಾದ ಮೇಲೆ, ಮುಂದಿನ ಸಲ ಹೋದಾಗ ನಿಮ್ಮ ಡಾಕ್ಟರ ಹತ್ತಿರ, ಮರಿಯನ್ನು ಆಸ್ಪತ್ರೆಯ ಅಂಗಳದಲ್ಲಿ ಸ್ವಲ್ಪ ಓಡಾಡಿಸಿಕೊಂಡು ಬರುತ್ತೇನೆ, ಆಮೇಲೆ ಕೇಳಿ ನೋಡಿ ಅನ್ನಿ. ಹೊಳ್ಳೆ ತೀರಾ ಮುಚ್ಚಿಕೊಂಡಿದ್ದರೆ ಸಣ್ಣ ಆಪರೇಷನ್‌ನಿಂದ ಅಗಲ ಮಾಡಬಹುದು. ಸಂತಾನಹರಣ ಚಿಕಿತ್ಸೆಗೆ ಅರಿವಳಿಕೆ ಕೊಡುವಾಗಲೇ ಅದನ್ನೂ ಮುಗಿಸಲು ಆಗುತ್ತದಾ ಅಂತ ಕೇಳಿ ಇಟ್ಟುಕೊಳ್ಳಿ.