ಇಡ್ಲಿ ಪಾತ್ರೆಯ ಆವಿಯಲ್ಲಿ ಮೆಟಾಫೇಸ್

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನನಗೆ ಒಂದೇ ಒಂದು ಒಳ್ಳೆಯ ಮೆಟಾಫೇಸ್ ಸಿಗಲಿಲ್ಲ. ಮೆಟಾಫೇಸ್ ಅಂದರೆ ಕೋಶ ವಿಭಜನೆಯ ನಡುವೆ ಕ್ರೋಮೋಸೋಮುಗಳು ಬಿಗಿಯಾಗಿ ಸುತ್ತಿಕೊಂಡು ಒಂದೊಂದಾಗಿ ಕಾಣುವ ಹಂತ. ಸ್ಲೈಡ್ ನೋಡಿದರೆ ಕ್ರೋಮೋಸೋಮುಗಳೆಲ್ಲ ಒಂದರ ಮೇಲೊಂದು ಬಿದ್ದು ಮುದ್ದೆಯಾಗಿದ್ದವು.

ಕೋಶ ಎಚ್‌ಟಿ1080, ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶ. ಡಾಕ್ಸಿಸೈಕ್ಲಿನ್ ಎಂಬ ಔಷಧ ಹಾಕಿದರೆ, ಕ್ರೋಮೋಸೋಮಿನ ತುದಿಯಾದ ಟೆಲೊಮಿಯರನ್ನು ಕಾಯುವ ಟಿಆರ್‌ಎಫ್2 ಪ್ರೋಟೀನ್ ಕೈಕೊಡುವ ಹಾಗೆ ಮಾಡಿದ್ದು. ಟೆಲೊಮಿಯರ್‌ನ ಕಾವಲು ತಪ್ಪಿದರೆ ರಿಪೇರಿ ಪ್ರೋಟೀನುಗಳು ಅದನ್ನೇ ಮುರಿದ ಡಿಎನ್‌ಎ ಎಂದುಕೊಂಡು ಎರಡು ತುದಿ ಬೆಸೆದುಬಿಡುತ್ತವೆ, ಗೊತ್ತಲ್ವಾ. ನನಗೆ ಆ ಬೆಸುಗೆಯ ಲೆಕ್ಕ ಬೇಕಿತ್ತು. ಬೆಸೆದ ಜಾಗದಲ್ಲಿ ಟೆಲೊಮಿಯರ್ ಇರುವುದನ್ನು ತೋರಿಸುವ ಹೊಳೆಯುವ ಚುಕ್ಕೆ ಉಳಿದಿದೆಯೋ ಇಲ್ಲವೋ ಅನ್ನುವುದೂ ಬೇಕಿತ್ತು. ಚುಕ್ಕೆ ಇದ್ದರೆ ಕಾವಲು ತಪ್ಪಿದ್ದು, ಇಲ್ಲದಿದ್ದರೆ ತುದಿ ಸವೆದದ್ದು ಎಂದು ಅನುಮಾನಿಸಬಹುದು. ಡಿಎನ್‌ಎ ನಕಲು ಮಾಡಿ ಅಳೆಯುವ ಪಿಸಿಆರ್‌ಗೆ ಇದು ಕಾಣುವುದಿಲ್ಲ, ಅದು ಸರಾಸರಿ ಉದ್ದ ಹೇಳಿ ಸುಮ್ಮನಾಗುತ್ತದೆ.

ಟೆಲೊಮಿಯರ್‌ಗೆ ಅಂಟಿ ಆ ಚುಕ್ಕೆ ಮೂಡಿಸುವ ಪಿಎನ್‌ಎ ಪ್ರೋಬ್‌ಗೆ (ಡಿಎನ್‌ಎಯಂಥ ಕೃತಕ ಎಳೆ) ಸಾಗಣೆ, ಸುಂಕ ಎಲ್ಲ ಸೇರಿ ಸುಮಾರು ನಲವತ್ತು ಸಾವಿರ ಆಗಿತ್ತು. ಮೊದಲ ಇಪ್ಪತ್ತು ಸ್ಲೈಡಿಗೆ ಅದನ್ನು ಸುರಿದೆ. ಎಲ್ಲ ಮಬ್ಬು. ಪ್ರೋಬ್ ಹಾಳಾಗಿದೆ ಎಂದರು ಒಬ್ಬರು, ಬೇರೆ ಕಂಪನಿಯದ್ದು ತರಿಸು ಎಂದರು ಇನ್ನೊಬ್ಬರು. ನಾನೂ ನಂಬಿ ಡಿಎನ್‌ಎ ಎಳೆ ಬಿಡಿಸುವ ಫಾರ್ಮಮೈಡ್ ಬದಲಿಸಿದೆ, ಪ್ರೋಟೀನ್ ಕರಗಿಸುವ ಪೆಪ್ಸಿನ್ ಹೆಚ್ಚಿಸಿದೆ, ಕೋಶಗಳನ್ನು ಮೆಟಾಫೇಸ್‌ನಲ್ಲೇ ತಡೆದು ನಿಲ್ಲಿಸುವ ಕೋಲ್ಸೆಮಿಡ್ ರಾತ್ರಿಯಿಡೀ ಬಿಟ್ಟೆ. ಕೊನೆಯದ್ದಂತೂ ದಡ್ಡತನ. ಕ್ರೋಮೋಸೋಮುಗಳು ಗಿಡ್ಡವಾಗಿ ಕಡಲೆಕಾಳಿನ ಹಾಗಾದವು.

ಒಂದು ಮಧ್ಯಾಹ್ನ ಮೂಲೆಯ ತೇವಾಂಶ ಮಾಪಕದ ಮೇಲೆ ಕಣ್ಣು ಬಿತ್ತು. ಮೂವತ್ತರ ಹತ್ತಿರ ಇತ್ತು. ಬೆಂಗಳೂರಿನ ಬೇಸಿಗೆ, ಮೇಲೆ ಎಸಿ. ಸ್ಲೈಡಿಗೆ ಬಿದ್ದ ಹನಿ ಕಣ್ಣು ಮಿಟುಕಿಸುವಷ್ಟರಲ್ಲಿ ಒಣಗುತ್ತಿತ್ತು, ಕೋಶ ಬಿಚ್ಚಿಕೊಳ್ಳಲು ಸಮಯವೇ ಇರಲಿಲ್ಲ. ಸುತ್ತ ಉಳಿದ ಕೋಶದ ಲೋಳೆ, ಅಂದರೆ ಸೈಟೊಪ್ಲಾಸಮ್ಮೇ ಪ್ರೋಬನ್ನು ಒಳಗೆ ಬಿಡುತ್ತಿರಲಿಲ್ಲ. ಪ್ರೋಬ್‌ದು ಏನೂ ತಪ್ಪಿಲ್ಲ!

ಮರುದಿನ ಮನೆಯಿಂದ ಹಳೆಯ ಇಡ್ಲಿ ಪಾತ್ರೆ ತಂದು ಹಾಟ್‌ಪ್ಲೇಟ್ ಮೇಲಿಟ್ಟೆ. ಗೈಡ್ ಬಾಗಿಲಲ್ಲೇ ನಿಂತು, "ಏನಮ್ಮಾ, ಲ್ಯಾಬಲ್ಲಿ ತಿಂಡಿ ಮಾಡ್ತೀಯಾ?" ಎಂದರು. "ಇಲ್ಲ ಸಾರ್, ಬರೀ ಆವಿ" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ನೀರು ಕುದಿಯಬಾರದು, ಹಬೆ ಆಡುವಷ್ಟು ಸಾಕು. ಸ್ಲೈಡನ್ನು ಆವಿಗೆ ಹಿಡಿದು, ಮೂರಕ್ಕೆ ಒಂದರ ಮೆಥನಾಲ್-ಅಸಿಟಿಕ್ ಆಸಿಡ್‌ನಲ್ಲಿರುವ ಕೋಶಗಳನ್ನು ಹನಿಸಿ, ಮತ್ತೆ ಆವಿಗೆ. ಎಷ್ಟು ಸೆಕೆಂಡು, ಯಾವ ಓರೆಯಲ್ಲಿ ಅನ್ನುವುದು ನನ್ನ ಕೈಗೆ ಬಂದ ವಿದ್ಯೆ, ಅದನ್ನು ಬರೆಯುವುದಿಲ್ಲ. ನೀವೂ ಹತ್ತು ಸ್ಲೈಡ್ ಕೆಡಿಸಿ.

ಮೂರನೇ ದಿನ ಕ್ರೋಮೋಸೋಮುಗಳು ರಂಗೋಲಿ ಚುಕ್ಕಿಯ ಹಾಗೆ ಬಿಡಿಬಿಡಿಯಾಗಿ ಹರಡಿದ್ದವು. ಡಾಕ್ಸಿಸೈಕ್ಲಿನ್ ಇಲ್ಲದ್ದರಲ್ಲಿ ಬೆಸುಗೆ ಇಲ್ಲವೆನ್ನುವಷ್ಟು ಕಡಿಮೆ. ಹಾಕಿದ್ದರಲ್ಲಿ ಒಂದೊಂದು ಕೋಶಕ್ಕೆ ಮೂರೋ ನಾಲ್ಕೋ, ಹೆಚ್ಚಿನವುಗಳ ನಡುವೆ ಚುಕ್ಕೆ ಸ್ಪಷ್ಟ. ಇಂಥವು ಕ್ರೋಮೋಸೋಮುಗಳು ಬೇರ್ಪಡುವ ಹಂತವಾದ ಅನಫೇಸ್‌ನಲ್ಲಿ ಎರಡೂ ಕಡೆ ಎಳೆಯಲ್ಪಟ್ಟು ಹರಿದು, ಮತ್ತೆ ಬೆಸೆದು, ಮತ್ತೆ ಹರಿಯುತ್ತವೆ. ತಳಿವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಕಂಡ ಆಟವೇ. ಆವತ್ತು ಗೈಡ್ ಐಪೀಸ್ ಬಿಟ್ಟು ಏಳಲಿಲ್ಲ.

ಒಂದು ಎಚ್ಚರಿಕೆ. ಡಾಕ್ಸಿಸೈಕ್ಲಿನ್ ಕೊಟ್ಟು ಜಾಸ್ತಿ ದಿನ ಕಾಯಬೇಡಿ. ಕೋಶ ವಿಭಜನೆಯನ್ನೇ ನಿಲ್ಲಿಸುತ್ತದೆ, ಆಮೇಲೆ ಎಣಿಸಲು ಮೆಟಾಫೇಸೇ ಇರುವುದಿಲ್ಲ. ನಾನು ಎರಡು ಬ್ಯಾಚ್ ಹೀಗೇ ಕಳೆದುಕೊಂಡೆ. ಸ್ಲೈಡ್ ಮುಚ್ಚುವ ತೆಳು ಗಾಜು, ಕವರ್‌ಸ್ಲಿಪ್, ಚಿಕ್ಕದು ಹಾಕಿದ ಮೇಲೆ ಪ್ರೋಬ್ ಅರ್ಧಕ್ಕರ್ಧ ಉಳಿಯಿತು.

ಉಳಿದ ಪ್ರೋಬಿನಲ್ಲಿ ಸುಮ್ನೆ ಯು2ಒಎಸ್ ಎಂಬ ಇನ್ನೊಂದು ಕ್ಯಾನ್ಸರ್ ಕೋಶ ನೋಡಿದೆ. ಟೆಲೊಮಿಯರ್ ಬೆಳೆಸುವ ಕಿಣ್ವ ಟೆಲೊಮರೇಸ್ ಇಲ್ಲದೆ, ರಿಪೇರಿಯ ದಾರಿಯಲ್ಲೇ ಟೆಲೊಮಿಯರ್ ಉದ್ದ ಮಾಡಿಕೊಳ್ಳುವ ಕೋಶ. ಒಂದು ತುದಿ ದೀಪದ ಹಾಗೆ ಉರಿಯುತ್ತಿದ್ದರೆ ಪಕ್ಕದ್ದರಲ್ಲಿ ಚುಕ್ಕೆಯೇ ಇಲ್ಲ. ಪುಸ್ತಕದಲ್ಲಿ ಓದಿದ್ದೆ, ಆದರೂ ಅರ್ಧ ದಿನ ಅದನ್ನೇ ನೋಡುತ್ತಾ ಕೂತೆ.

ಜುಲೈನಲ್ಲಿ ಮಳೆ ಹಿಡಿದ ಮೇಲೆ ಎಲ್ಲ ಉಲ್ಟಾ. ಹನಿ ಒಣಗುವುದೇ ಇಲ್ಲ, ಕ್ರೋಮೋಸೋಮುಗಳು ಪಕ್ಕದ ಕೋಶದ ಗುಂಪಿಗೆ ತೇಲಿಹೋಗುತ್ತವೆ. ಈಗ ಪಾತ್ರೆ ಶೆಲ್ಫಿನ ಮೇಲಿದೆ, ಸ್ಲೈಡು ಬಿಸಿ ತಟ್ಟೆಯ ಮೇಲೆ.