ಟ್ರ್ಯಾಕಿಗೆ ಇಳಿಯುವ ಜಿಆರ್86: ಎಂಜಿನ್ನನ್ನೂ ವಾರಂಟಿಯನ್ನೂ ನಾನು ಕಾಯ್ದುಕೊಂಡ ಬಗೆ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಾನು ಟೊಯೊಟಾ ಜಿಆರ್86 ಕಾರನ್ನು ಕೊಂಡದ್ದೇ ಅದನ್ನು ಟ್ರ್ಯಾಕಿನಲ್ಲಿ ಓಡಿಸಬೇಕೆಂದು. 2022ರ ಮಾದರಿಯಾಗಿ ಅದು ಅಮೆರಿಕದ ಮಾರುಕಟ್ಟೆಗೆ ಬಂದಾಗ ಆರಂಭಿಕ ಬೆಲೆ 28 ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. ಹಿಂಚಕ್ರ ಚಾಲನೆ, ಕೈಯಿಂದ ಹಾಕುವ ಗೇರ್, 228 ಅಶ್ವಶಕ್ತಿ, ಹಗುರವಾದ ಮೈಕಟ್ಟು ಇವೆಲ್ಲ ಆ ಬೆಲೆಗೆ ಒಟ್ಟಿಗೆ ಸಿಗುವುದು ಅಪರೂಪ. ಎಂಜಿನ್ ಸುಬಾರು ತಯಾರಿಸುವ ಎಫ್‌ಎ24: 2.4 ಲೀಟರ್, ಟರ್ಬೊ ಇಲ್ಲದ, ಸಿಲಿಂಡರುಗಳು ಎಡಕ್ಕೂ ಬಲಕ್ಕೂ ಅಡ್ಡಡ್ಡ ಮಲಗಿರುವ ಬಾಕ್ಸರ್ ವಿನ್ಯಾಸ. ದಿನನಿತ್ಯದ ಓಡಾಟಕ್ಕೆ ಇದು ಗಟ್ಟಿಮುಟ್ಟಾದ ಎಂಜಿನ್ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಪ್ರಶ್ನೆ ಏಳುವುದು ಅದನ್ನು ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನಲ್ಲೂ 7,000 ಆರ್‌ಪಿಎಂವರೆಗೆ ಎಳೆದು, ದೀರ್ಘ ತಿರುವುಗಳಲ್ಲಿ ಹಾಗೆಯೇ ಹಿಡಿದಿಟ್ಟಾಗ.

ಸಹಿ ಹಾಕುವ ಮುನ್ನವೇ ವಾರಂಟಿ ಪುಸ್ತಿಕೆಯನ್ನು ಪೂರ್ತಿ ಓದಿದ್ದೆ. ಇಡೀ ಕಾರಿಗೆ 3 ವರ್ಷ ಅಥವಾ 36,000 ಮೈಲಿ, ಎಂಜಿನ್ ಮತ್ತು ಗೇರ್‌ಬಾಕ್ಸಿಗೆ 5 ವರ್ಷ ಅಥವಾ 60,000 ಮೈಲಿ, ಯಾವುದು ಮೊದಲೋ ಅದು. ದುರ್ಬಳಕೆಯಿಂದಾದ ಹಾನಿಗೆ ರಕ್ಷಣೆಯಿಲ್ಲ, ರೇಸಿಂಗ್ ಅಂಥ ದುರ್ಬಳಕೆಯ ಒಂದು ಉದಾಹರಣೆ ಎಂದೂ ಅದರಲ್ಲೇ ಇದೆ. ಆದರೆ ಹೊಸ ಜಿಆರ್86 ಕೊಂಡವರಿಗೆ ಹವ್ಯಾಸಿಗಳಿಗೆ ಟ್ರ್ಯಾಕ್ ಓಟ ಏರ್ಪಡಿಸುವ ನ್ಯಾಷನಲ್ ಆಟೊ ಸ್ಪೋರ್ಟ್ ಅಸೋಸಿಯೇಷನ್ನಿನ ಒಂದು ವರ್ಷದ ಸದಸ್ಯತ್ವವನ್ನೂ, ಟ್ರ್ಯಾಕಿನಲ್ಲಿ ನಡೆಯುವ ಒಂದು ಚಾಲನಾ ತರಬೇತಿಯನ್ನೂ ಕಂಪನಿಯೇ ಉಚಿತವಾಗಿ ಕೊಡುತ್ತದೆ. ಅಂಥ ತರಬೇತಿಯಲ್ಲಿ ಸಮಯದ ಪೈಪೋಟಿಯಿಲ್ಲ, ಬಹುಮಾನವಿಲ್ಲ, ಮುಂದಿನವರು ಕೈ ತೋರಿಸಿ ದಾರಿ ಬಿಟ್ಟರೆ ಮಾತ್ರ ಓವರ್‌ಟೇಕ್ ಮಾಡಬಹುದು. ಹಾಗಾಗಿ ಅದು ರೇಸಲ್ಲ ಎಂಬುದು ನನ್ನ ತಿಳಿವಳಿಕೆ. ಆದರೆ ಎಂಜಿನ್ ಒಡೆದ ದಿನ ಈ ಎರಡರ ನಡುವಿನ ಗೆರೆಯನ್ನು ಎಳೆಯುವವನು ನಾನಲ್ಲ. 2022ರಲ್ಲಿ ಅಮೆರಿಕದ ಜಿಆರ್86 ಮಾಲೀಕರೊಬ್ಬರಿಗೆ, ಸಾಮಾಜಿಕ ಜಾಲತಾಣದಲ್ಲಿದ್ದ ಡ್ರಿಫ್ಟಿಂಗ್ (ಬೇಕೆಂದೇ ಕಾರನ್ನು ಅಡ್ಡಡ್ಡ ಜಾರಿಸಿ ಓಡಿಸುವುದು) ಚಿತ್ರಗಳನ್ನು ಮುಂದಿಟ್ಟು ಎಂಜಿನ್ ದುರಸ್ತಿಯನ್ನು ನಿರಾಕರಿಸಲಾಗಿತ್ತು; ವಿಷಯ ದೊಡ್ಡ ಸುದ್ದಿಯಾದ ಮೇಲೆ ಕಂಪನಿ ಅದನ್ನು ಸರಿಪಡಿಸಿಕೊಡಲು ಒಪ್ಪಿತು. ಇದಕ್ಕೆ ಹೋಲಿಸಿದರೆ ಆಸ್ಟ್ರೇಲಿಯಾದಲ್ಲಿ ಹ್ಯುಂಡೈ ತನ್ನ ‘ಎನ್’ ಹೆಸರಿನ ವೇಗದ ಕಾರುಗಳಿಗೆ, ಸಮಯ ಲೆಕ್ಕವಿಲ್ಲದ ಮತ್ತು ಸ್ಪರ್ಧೆಯಲ್ಲದ ಟ್ರ್ಯಾಕ್ ಓಟಕ್ಕೂ ವಾರಂಟಿ ಅನ್ವಯಿಸುತ್ತದೆ ಎಂದು ಬಹಿರಂಗವಾಗಿಯೇ ಹೇಳಿದೆ. ಟ್ರ್ಯಾಕಿನ ಹೆಸರಿನಲ್ಲಿ ಕಾರು ಮಾರುವ ಎಲ್ಲ ಕಂಪನಿಗಳೂ ಇಷ್ಟು ಸ್ಪಷ್ಟವಾಗಿ ಬರೆದುಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಎಂಜಿನ್ನಿನ ವಿಷಯ. ಕಾರು ಬಲಕ್ಕೆ ರಭಸದಿಂದ ತಿರುಗಿದಾಗ ಆಯಿಲ್ ಎಡಕ್ಕೆ ತಳ್ಳಲ್ಪಡುತ್ತದೆ. ಬಾಕ್ಸರ್ ಎಂಜಿನ್ನಿನಲ್ಲಿ ಸಿಲಿಂಡರ್ ಹೆಡ್ ಪಕ್ಕಕ್ಕೆ ಚಾಚಿಕೊಂಡಿರುವುದರಿಂದ ಅಲ್ಲಿ ಸೇರಿದ ಆಯಿಲ್ ಕೆಳಗಿನ ಸಂಪ್‌ಗೆ, ಅಂದರೆ ಆಯಿಲ್ ನಿಲ್ಲುವ ತಳದ ತೊಟ್ಟಿಗೆ, ಬೇಗ ಮರಳುವುದಿಲ್ಲ, ಸಂಪಿನಲ್ಲಿ ಉಳಿದದ್ದೂ ಒಂದು ಮೂಲೆ ಸೇರುತ್ತದೆ. ಆಗ ಆಯಿಲ್ ಹೀರುವ ಕೊಳವೆಯ ಬಾಯಿಗೆ ಗಾಳಿ ಸಿಕ್ಕಿದರೆ ಒತ್ತಡ ಕುಸಿಯುತ್ತದೆ, ಮೊದಲ ಪೆಟ್ಟು ಬೀಳುವುದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗುಗಳಿಗೆ. ಈ ಎಂಜಿನ್ನಿನಲ್ಲಿ ಎಡತಿರುವಿಗಿಂತ ದೀರ್ಘವಾದ, ವೇಗದ ಬಲತಿರುವುಗಳಲ್ಲೇ ಇದು ಹೆಚ್ಚೆಂಬುದು ಇದನ್ನು ಟ್ರ್ಯಾಕಿನಲ್ಲಿ ಓಡಿಸುವವರೆಲ್ಲ ಬಲ್ಲ ಸಂಗತಿ. ಕಾರಿನ ಮೀಟರಿನಲ್ಲಿ ಆಯಿಲಿನ ತಾಪಮಾನ ಕಾಣುತ್ತದೆಯೇ ಹೊರತು ಒತ್ತಡದ ಅಂಕಿ ಕಾಣುವುದಿಲ್ಲ. ಒತ್ತಡಕ್ಕೆ ಇರುವುದು ಕೆಂಪು ದೀಪ ಮಾತ್ರ, ಅದು ಹೊತ್ತಿಕೊಳ್ಳುವಷ್ಟರಲ್ಲಿ ಹಾನಿ ಆಗಿಹೋಗಿರಬಹುದು.

ಆದ್ದರಿಂದ ನಾನು ಮಾಡಿಸಿದ ಮೊದಲ ಹಾಗೂ ಏಕೈಕ ಬದಲಾವಣೆ ಆಯಿಲ್ ಪ್ರೆಶರ್ ಸೆನ್ಸರ್. ಎಫ್‌ಎ ಎಂಜಿನ್ನಿನ ಆಯಿಲ್ ಫಿಲ್ಟರ್ ಬಾನೆಟ್ ಎತ್ತಿದೊಡನೆ ಮೇಲೆಯೇ ಕೈಗೆ ಸಿಗುವುದರಿಂದ, ಫಿಲ್ಟರಿನ ಕೆಳಗೆ ಒಂದು ಅಡಾಪ್ಟರ್ ಕೂರಿಸಿ, ಸೆನ್ಸರನ್ನು, ಅಳತೆಗಳನ್ನು ಕ್ಷಣಕ್ಷಣವೂ ದಾಖಲಿಸುವ ಡೇಟಾ ಲಾಗರಿಗೆ ಜೋಡಿಸುವುದು ಸುಲಭ. ಬೇಕಾದಾಗ ಬಿಚ್ಚಿ ಮೂಲಸ್ಥಿತಿಗೆ ತರಲೂಬಹುದು. ಹೊರಗಿನ ಬಿಡಿಭಾಗ ಹಾಕಿದ ಒಂದೇ ಕಾರಣಕ್ಕೆ ವಾರಂಟಿಯನ್ನು ನಿರಾಕರಿಸಲು ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಬಿಡುವುದಿಲ್ಲ, ಆ ಭಾಗದಿಂದಲೇ ಹಾನಿಯಾಯಿತೆಂದು ಕಂಪನಿ ತೋರಿಸಬೇಕಾಗುತ್ತದೆ. ಆದರೂ ಕಾನೂನಿನ ಬೆಂಬಲ ಇರುವುದು ಬೇರೆ, ಅದನ್ನು ಬಳಸಿ ತಿಂಗಳುಗಟ್ಟಲೆ ಹೋರಾಡುವುದು ಬೇರೆ. ಅದಕ್ಕೇ ಇ‌ಸಿಯು ಟ್ಯೂನ್ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶ ಬದಲಿಸುವುದು), ಎಕ್ಸಾಸ್ಟ್ ಯಾವುದನ್ನೂ ನಾನು ಮುಟ್ಟಲಿಲ್ಲ.

ಕ್ಯಾಲಿಫೋರ್ನಿಯಾದ ಲಗೂನಾ ಸೆಕಾದಲ್ಲಿ ಲಾಗರ್ ಹಿಡಿದಿಟ್ಟ ಒತ್ತಡದ ದಾಖಲೆ ನನಗೆ ಬಹಳ ಕಲಿಸಿತು. 2.238 ಮೈಲಿಯ ಆ ಟ್ರ್ಯಾಕಿನಲ್ಲಿ ಎಡತಿರುವುಗಳೇ ಹೆಚ್ಚು. ಎಡಕ್ಕೆ ಹೊರಳುವ ಎರಡನೆಯ ತಿರುವಾದ ಆಂಡ್ರೆಟಿ ಹೇರ್‌ಪಿನ್ನಿನಲ್ಲಿ ಒತ್ತಡದ ಗೆರೆ ಎಂಜಿನ್ ವೇಗದ ಜೊತೆಜೊತೆಗೇ ಏರಿಳಿಯುತ್ತಿತ್ತು, ಆತಂಕಪಡುವಂಥದ್ದು ಏನೂ ಕಾಣಲಿಲ್ಲ. ವೇಗದ ಬಲತಿರುವುಗಳಾದ ನಾಲ್ಕನೆಯದರಲ್ಲೂ ಹತ್ತನೆಯದರಲ್ಲೂ ಚಿತ್ರವೇ ಬೇರೆ: ಆರ್‌ಪಿಎಂ ಏರುತ್ತಲೇ ಇದ್ದರೂ ತಿರುವಿನ ಕೊನೆಯ ಭಾಗದಲ್ಲಿ ಒತ್ತಡದ ಗೆರೆ ಕೆಳಗೆ ಬಾಗಿ, ಸ್ಟೀರಿಂಗ್ ನೇರವಾದ ಮೇಲೆಯೇ ಮತ್ತೆ ಮೇಲೇಳುತ್ತಿತ್ತು. ಮೂಲ ಟೈರುಗಳಲ್ಲಿ ಆ ಬಾಗು ಕ್ಷಣಮಾತ್ರದ್ದು. ಸ್ನೇಹಿತನಿಂದ ಎರವಲು ತಂದ, ಬೇಗ ಸವೆದರೂ ಹೆಚ್ಚು ಹಿಡಿತದ 200 ಟ್ರೆಡ್‌ವೇರ್ ದರ್ಜೆಯ ಟೈರುಗಳನ್ನು ಹಾಕಿ ಅದೇ ತಿರುವುಗಳನ್ನು ದಾಟಿದಾಗ ಬಾಗು ಆಳವೂ ಆಯಿತು, ಉದ್ದವೂ ಆಯಿತು.

ನನ್ನ ಇಡೀ ಅನುಭವದಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ಟೈರ್ ಆರಿಸುವುದೆಂದರೆ ಈ ಕಾರಿನಲ್ಲಿ ಎಂಜಿನ್ನಿನ ಮೇಲೆ ಬೀಳುವ ಹೊರೆಯನ್ನೂ ಆರಿಸಿದಂತೆ. ನನ್ನದು ಪ್ರೀಮಿಯಂ ಅಲ್ಲದ ಮೂಲ ಮಾದರಿ. ಅದಕ್ಕೆ ಕಂಪನಿ ಕೊಡುವುದು 17 ಇಂಚಿನ ಮಿಶೆಲಿನ್ ಪ್ರೈಮಸಿ ಎಚ್‌ಪಿ ಟೈರ್. ಹಿಡಿತ ಸಾಲದೆಂದು ಹಲವರು ಅದನ್ನು ಕೊಂಡ ವಾರವೇ ಕಳಚಿಡುತ್ತಾರೆ. ಆದರೆ ಅದು ಬೇಗ ಜಾರುವುದರಿಂದಲೇ ಕಾರಿನ ಮೇಲೆ ಬೀಳುವ ಅಡ್ಡಬಲಕ್ಕೆ ಒಂದು ಮಿತಿಯಿರುತ್ತದೆ, ಚಾಲಕನಿಗೆ ಕಲಿಯಲೂ ಸಿಗುತ್ತದೆ. ವಾರಂಟಿ ಇರುವಷ್ಟು ಕಾಲ ಅದೇ ಟೈರಿನಲ್ಲಿ ಓಡಿಸುವುದೆಂದು ನಾನು ನಿರ್ಧರಿಸಿದೆ. ಸುತ್ತಿಗೆ ಕೆಲವು ಸೆಕೆಂಡು ಕಳೆದುಕೊಂಡೆ, ಅದರ ಬಗ್ಗೆ ಬೇಸರವಿಲ್ಲ.

ಎರಡನೆಯ ಆತಂಕ ಸೀಲಂಟಿನದು. ಸಂಪ್ ಮತ್ತು ಟೈಮಿಂಗ್ ಕವರನ್ನು ಎಂಜಿನ್ನಿಗೆ ಅಂಟಿಸಲು ಬಳಸುವ ಸಿಲಿಕೋನ್ ಅಂಟು ಹೆಚ್ಚಾಗಿ ಒಳಗೆ ಒಸರಿ, ಗಟ್ಟಿಯಾಗಿ, ಚೂರುಚೂರಾಗಿ ಕಳಚಿಕೊಂಡು ಆಯಿಲ್ ಹೀರುವ ಜಾಲರಿಗೆ ಸಿಕ್ಕಿಕೊಳ್ಳುವುದುಂಟು. ಹಿಂದಿನ ತಲೆಮಾರಿನ ಕಾರುಗಳನ್ನು ವಾಲ್ವ್ ಸ್ಪ್ರಿಂಗ್ ಬದಲಿಸಲೆಂದು 2018ರಲ್ಲಿ ಕಂಪನಿ ವಾಪಸು ಕರೆಸಿದಾಗಲೂ (ರಿಕಾಲ್), ದುರಸ್ತಿಯಾಗಿ ಬಂದ ಕೆಲವು ಎಂಜಿನ್ನುಗಳು ಕೆಟ್ಟಾಗ ಬೆರಳು ತೋರಿಸಿದ್ದು ಈ ಅಂಟಿನ ಕಡೆಗೇ. ಸಂಪ್ ಬಿಚ್ಚಿಸಿದರೆ ಮತ್ತೆ ಅಂಟು ಹಾಕಲೇಬೇಕು, ಜೊತೆಗೆ ಎಂಜಿನ್ ತೆರೆದವರು ಯಾರು ಎಂಬ ಪ್ರಶ್ನೆಯೂ ಉಳಿಯುತ್ತದೆ. ಅದಕ್ಕೆ ಆಯಿಲ್ ಬದಲಿಸುವಾಗ, ಆಯಿಲ್ ಪೂರ್ತಿ ಸೋರಿದ ಮೇಲೆ, ಡ್ರೈನ್ ಬೋಲ್ಟಿನ ತೂತಿನಿಂದ ತೆಳುವಾದ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ನೋಡಿದೆ. ಫೋನಿನ ಪರದೆಯ ಮೇಲೆ ಜಾಲರಿಯ ಕಣ್ಣುಗಳು ಸ್ಪಷ್ಟವಾಗಿ ಮೂಡಿದವು. ಅಂಚಿನಲ್ಲಿ ಉಗುರಿನ ಚೂರಿನಷ್ಟು ಬೂದುಬಣ್ಣದ ಒಂದೆರಡು ಎಳೆಗಳು ಅಂಟಿಕೊಂಡಿದ್ದವು, ಉಳಿದ ಜಾಲರಿಯೆಲ್ಲ ತೆರೆದೇ ಇತ್ತು. ಆ ವಿಡಿಯೊವನ್ನು ದಿನಾಂಕ ಮತ್ತು ಓಡಿದ ಮೈಲಿಯ ಸಮೇತ ಉಳಿಸಿಟ್ಟಿದ್ದೇನೆ. ಮುಂದೊಂದು ದಿನ ಜಾಲರಿ ಕಟ್ಟಿಕೊಂಡರೆ, ಅದು ತಯಾರಿಕೆಯ ಕಾಲದಿಂದಲೇ ಬಂದ ದೋಷ ಎಂದು ತೋರಿಸಲು ನನ್ನ ಬಳಿ ಇರುವ ಅತ್ಯುತ್ತಮ ಸಾಕ್ಷಿ ಅದೇ.

ತಾಪಮಾನವನ್ನು ನಿಭಾಯಿಸುವುದು ಇವೆರಡಕ್ಕಿಂತ ಸುಲಭ. ವಿಲೋಸ್ ಊರಿನ ಥಂಡರ್‌ಹಿಲ್ ಟ್ರ್ಯಾಕಿನಲ್ಲಿ ಬೇಸಿಗೆಯ ಮಧ್ಯಾಹ್ನ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆಯಿಲ್ 260 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 127 ಡಿಗ್ರಿ ಸೆಲ್ಸಿಯಸ್ ತಲುಪಿದೊಡನೆ ನಾನು ಮೇಲಿನ ಗೇರಿಗೆ ಹೋಗಿ ಒಂದು ಸುತ್ತು ತಣ್ಣಗೆ ಓಡಿಸುತ್ತೇನೆ. ಇಳಿಯದಿದ್ದರೆ ಪಿಟ್‌ಗೆ ಬರುತ್ತೇನೆ. ಪ್ರತಿ ಸೆಷನ್ನಿನ ನಂತರ, ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು, ಡಿಪ್‌ಸ್ಟಿಕ್ ತೆಗೆದು ಮಟ್ಟ ನೋಡುತ್ತೇನೆ. ಆಯಿಲ್ ಮೇಲಿನ ಗೆರೆಗಿಂತ ಕೆಳಗಿದ್ದರೆ ಟ್ರ್ಯಾಕಿಗೆ ಇಳಿಯುವುದಿಲ್ಲ. ಆಯಿಲ್ ಕೈಪಿಡಿ ಹೇಳುವ 0ಡಬ್ಲ್ಯು-20 ದರ್ಜೆಯದೇ. ದಪ್ಪ ಆಯಿಲಿನ ಪರ ಒಳ್ಳೆಯ ವಾದಗಳಿದ್ದರೂ, ರಸೀದಿಯಲ್ಲಿ ಬೇರೆ ದರ್ಜೆ ಕಾಣುವುದು ಈಗಲೇ ಬೇಡ ಎಂದುಕೊಂಡಿದ್ದೇನೆ. ಹಳೆಯ ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಅದರ ವರದಿಯಲ್ಲಿ ಸೀಸ, ತವರ, ತಾಮ್ರ ಏರಿದರೆ ಬೇರಿಂಗ್ ಸವೆಯುತ್ತಿರಬಹುದೆಂದು ಅರ್ಥ. ಹೊಸ ಎಂಜಿನ್ನಿನಲ್ಲಿ ಸಿಲಿಕಾನ್ ಹೆಚ್ಚಿರಲು ಸೀಲಂಟೂ ಒಂದು ಕಾರಣ, ಅದು ವರದಿಯಿಂದ ವರದಿಗೆ ಇಳಿಯುತ್ತಾ ಬರಬೇಕು.

ಸರ್ವಿಸ್ ಸೆಂಟರಿನಲ್ಲಿ ಒಬ್ಬ ಸಲಹೆಗಾರ, ಟ್ರ್ಯಾಕ್ ಎಂದು ಬಾಯಿ ಬಿಟ್ಟರೆ ವಾರಂಟಿ ಮುಗಿದಂತೆಯೇ, ಏನೂ ಹೇಳಬೇಡಿ ಎಂದು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಸುಳ್ಳು ಹೇಳಿ ಪಡೆದ ಎಂಜಿನ್ ನನಗೆ ಬೇಡ. ಅಲ್ಲದೆ ನಿಜವನ್ನು ಅಂಕಿಗಳ ಸಮೇತ ಮುಂದಿಡುವವನ ಮಾತಿಗೆ ತೂಕ ಹೆಚ್ಚು: ತರಬೇತಿ ಕಾರ್ಯಕ್ರಮದ ನಿಯಮಾವಳಿ, ಆಯಿಲ್ ರಸೀದಿಗಳು, ಪ್ರಯೋಗಾಲಯದ ವರದಿ, ಒತ್ತಡದ ದಾಖಲೆ ಎಲ್ಲವೂ ಒಂದೇ ಕಡತದಲ್ಲಿವೆ. ನನ್ನದೇ ತಪ್ಪಿನಿಂದಾದ ಹಾನಿಯನ್ನು, ಉದಾಹರಣೆಗೆ ಐದರಿಂದ ನಾಲ್ಕಕ್ಕೆ ಬದಲಾಗಿ ಎರಡನೇ ಗೇರಿಗೆ ಇಳಿಸಿ ಎಂಜಿನ್ನನ್ನು ಮಿತಿಮೀರಿ ತಿರುಗಿಸಿದರೆ, ಯಾವ ಕಂಪನಿಯ ಮುಂದೆಯೂ ಇಡುವುದಿಲ್ಲ. ಟ್ರ್ಯಾಕ್ ದಿನದ ವಿಮೆಯೂ ಅಪಘಾತಕ್ಕೆ ಮಾತ್ರ, ಎಂಜಿನ್ ಒಡೆದರೆ ಅದು ಬರುವುದಿಲ್ಲ.

ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ತಮ್ಮ ಕಾರು ಒಯ್ಯುವ ಗೆಳೆಯರು ಇದನ್ನೇ ಕೇಳುತ್ತಾರೆ: ವಾರಂಟಿಯನ್ನು ನಂಬಿ ಟ್ರ್ಯಾಕಿಗೆ ಹೋಗಬಹುದೇ? ನಾನು ನಂಬಿ ಹೋಗಿಲ್ಲ. ಕಾರು ಕೊಂಡ ತಿಂಗಳಿಂದಲೇ ಒಂದು ಬದಲಿ ಎಂಜಿನ್ನಿನ ಬೆಲೆಗೆಂದು ಬೇರೆ ಖಾತೆಯಲ್ಲಿ ಹಣ ಕೂಡಿಡುತ್ತಿದ್ದೇನೆ, ಅದು ತುಂಬುವವರೆಗೆ ವರ್ಷಕ್ಕೆ ಹೋಗುವ ಟ್ರ್ಯಾಕ್ ದಿನಗಳನ್ನೂ ಮಿತಿಯಲ್ಲಿಟ್ಟಿದ್ದೇನೆ. ವಾರಂಟಿ ಮುಗಿದ ಮೇಲೆ ಸಂಪನ್ನು ಬಿಚ್ಚಿಸಿ, ಜಾಲರಿ ತೊಳೆದು, ಆಯಿಲ್ ಅಡ್ಡಾದಿಡ್ಡಿ ಹರಿಯದಂತೆ ತಡೆಯುವ ಬ್ಯಾಫಲ್ ತಟ್ಟೆಯನ್ನೂ ಒಂದು ಆಯಿಲ್ ಕೂಲರನ್ನೂ ಹಾಕಿಸಲಿದ್ದೇನೆ. ಹೆಚ್ಚು ಹಿಡಿತದ ಟೈರನ್ನು ಕೊಳ್ಳುವುದು, ಅವೆರಡೂ ನಾಲ್ಕನೆಯ ಮತ್ತು ಹತ್ತನೆಯ ತಿರುವುಗಳಲ್ಲಿ ಒತ್ತಡವನ್ನು ಎಷ್ಟು ಹಿಡಿದಿಡುತ್ತವೆ ಎಂಬುದನ್ನು ದಾಖಲೆಯಲ್ಲಿ ನೋಡಿದ ನಂತರವೇ.