ಬಂದರಿಗೆ ಬನ್ನಿ, ಬಂದರಿಗೆ ಬರಬೇಡಿ

ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ಕಸುಬು, ಇರುವುದು ಕಾರವಾರದಲ್ಲಿ. ಒಮ್ಮೆ ಮೀನುಗಾರರಿಗೆ ಹಂಚಬೇಕಾದ ಸೂಚನೆಯೊಂದು ಕೈಗೆ ಬಂತು. ಗಾಳಿ ಎದ್ದಾಗ ಬೋಟುಗಳು ಹಾರ್ಬರಿಗೆ ಬರಬಹುದು, ಪೋರ್ಟಿನ ಜಾಗಕ್ಕೆ ಬರಕೂಡದು ಎಂಬುದು ಅದರ ಸಾರ. ನಿಘಂಟು ಎರಡಕ್ಕೂ ಬಂದರು ಎಂದಿತು, ನಾನೂ ಹಾಗೇ ಬರೆದೆ. ಓದಿ ನೋಡಿದರೆ, ಬಂದರಿಗೆ ಬನ್ನಿ, ಬಂದರಿಗೆ ಬರಬೇಡಿ ಎಂದಾಗಿತ್ತು. ಜೀವ ಉಳಿಸಿಕೊಳ್ಳಲು ಓಡಿ ಬರುವವನ ಕೈಗೆ ಅಂಥ ಕಾಗದ ಕೊಡುವುದುಂಟೇ?

ಮರುದಿನ ಇಲ್ಲಿನ ಮೀನುಬೋಟುಗಳ ನೆಲೆಯಾದ ಬೈತಖೋಲಕ್ಕೆ ಹೋದೆ. ಹಿಂದಿನ ರಾತ್ರಿ ಗಾಳಿ ಜೋರಾಗಿತ್ತು. ಗೋವಾದ ಬೋಟು, ಮಲ್ಪೆಯ ಬೋಟು, ತಮಿಳುನಾಡಿನ ಬೋಟು ಒಂದಕ್ಕೊಂದು ಮೈ ತಾಗಿಸಿ ಲಂಗರು ಹಾಕಿದ್ದವು. ಮೀನು ಇಳಿಸುವವರಿಲ್ಲ, ಹರಾಜಿನ ಕೂಗಿಲ್ಲ. ಒಂದು ಬೋಟಿನ ಮೇಲೆ ಸ್ಟೌ ಉರಿಯುತ್ತಿತ್ತು, ಒಬ್ಬ ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದ. ಬಲೆ ಒಣಹಾಕುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ, ಇಷ್ಟು ದೂರದವರು ಇಲ್ಲಿಗೇ ಯಾಕೆ ಬರ್ತಾರೆ? "ಗುಡ್ಡ ಗಾಳಿ ತಡೀತದೆ, ನೀರು ಅಲ್ಲಾಡೂದಿಲ್ಲ. ಆಸರೆ ಅದೆ" ಎಂದರು.

ನನಗೆ ಬೇಕಿದ್ದ ಪದ ಅದೇ. ಹಾರ್ಬರ್ ಎಂದರೆ ಆಸರೆಯ ನೀರು. ಗುಡ್ಡವೋ ಅಳಿವೆಯೋ ಕಟ್ಟಿದ ಅಲೆತಡೆಗೋಡೆಯೋ, ಕಡಲಿನ ಹೊಡೆತವನ್ನು ಯಾವುದಾದರೂ ತಡೆದರೆ ಸಾಕು. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಸಮುದ್ರದ ಸೋಂಕೇ ಇರಲಿಲ್ಲ. ದಂಡು ತಂಗುವ ನೆಲೆ ಎಂಬುದು ಅದರ ಮೂಲ. ಆ ಆಸರೆಯ ಅರ್ಥ ಕ್ರಿಯಾಪದದಲ್ಲಿ ಇನ್ನೂ ಜೀವಂತವಿದೆ. ಅಪರಾಧಿಯನ್ನು ಮನೆಯಲ್ಲಿಟ್ಟುಕೊಳ್ಳುವುದನ್ನು ಹಿಂದಿನ ಭಾರತೀಯ ದಂಡ ಸಂಹಿತೆಯ 212ನೇ ಕಲಂ ಇದೇ ಪದದಿಂದ ಕರೆಯುತ್ತಿತ್ತು. ಹಗೆಯನ್ನು ಒಡಲಲ್ಲಿಟ್ಟು ಸಾಕುವುದಕ್ಕೂ ಇಂಗ್ಲಿಷಿನವರು ಹಾರ್ಬರ್ ಅನ್ನುತ್ತಾರೆ. ಪೋರ್ಟನ್ನು ಹಾಗೆ ಬಳಸಲು ಬರುವುದಿಲ್ಲ.

ಪೋರ್ಟ್ ವ್ಯವಹಾರದ ಜಾಗ. ಹಡಗು ಬರಬೇಕು, ಸರಕು ಏರಿಳಿಯಬೇಕು, ಸುಂಕದ ಲೆಕ್ಕ ಆಗಬೇಕು. ಕಾರವಾರದ ಧಕ್ಕೆಗೆ, ಅಂದರೆ ಹಡಗು ಕಟ್ಟುವ ಕಟ್ಟೆಗೆ, ಡಾಂಬರಿನ ಹಡಗು ಬರುತ್ತದಲ್ಲ, ಅದು ಪೋರ್ಟಿನ ಕೆಲಸ. ಸಮುದ್ರವೇ ಕಾಣದ ಊರಿನಲ್ಲೂ ಕಂಟೇನರುಗಳಿಗೆ ಡ್ರೈ ಪೋರ್ಟ್ ಇರುತ್ತದೆ. ವಿಮಾನ ಇಳಿಯುವುದೂ ಪೋರ್ಟಿಗೇ. ಕುಮಟಾ ತಾಲೂಕಿನ ತದಡಿಯಲ್ಲಿ ಇದರ ತಿರುಗುಮುರುಗು. ಅಘನಾಶಿನಿ ನದಿಯ ಅಳಿವೆಯ ಒಳಗೆ ಮೀನುಬೋಟುಗಳಿಗೆ ನೆಲೆಯಿದೆ, ಸರಕಿನ ಹಡಗಿಲ್ಲ. ಅದು ಹಾರ್ಬರ್ ಮಾತ್ರ.

ಬಂದರು ಪಾರ್ಸಿಯಿಂದ ಬಂದ ಪದ, ಎರಡನ್ನೂ ಹೊತ್ತುಕೊಂಡಿದೆ. ಮೀನುಗಾರಿಕಾ ಬಂದರು, ವಾಣಿಜ್ಯ ಬಂದರು ಎಂದು ವಿಶೇಷಣ ಸೇರಿಸಿ ಬೇರೆ ಮಾಡಬಹುದು, ಕಚೇರಿಯ ಕಾಗದಕ್ಕೆ ಅದೇ ಸರಿ. ಆದರೆ ಈ ಸೂಚನೆಗೆ ಅದು ಒದಗಲಿಲ್ಲ. ಇಲ್ಲಿ ಹೇಳಬೇಕಿದ್ದದ್ದು ಗಾಳಿಯ ಹೊತ್ತಿನ ಮಾತು, ಕಾರವಾರದಲ್ಲಿ ಹಾರ್ಬರು, ಪೋರ್ಟು ಎರಡೂ ಇರುವುದು ಒಂದೇ ಗುಡ್ಡದ ಬುಡದಲ್ಲಿ. ಕೊನೆಗೆ ಬಂದರು ಪದವನ್ನೇ ಬಿಟ್ಟೆ: "ಗಾಳಿ ಬಿರುಸಾದರೆ ಗುಡ್ಡದ ಆಸರೆಗೆ ಬಂದು ಲಂಗರು ಹಾಕಿ. ಹಡಗು ಕಟ್ಟುವ ಧಕ್ಕೆಯ ಹತ್ತಿರ ಬರಬೇಡಿ."

ಅದನ್ನು ಅದೇ ಹಿರಿಯರಿಗೆ ಓದಿ ಹೇಳಿದೆ. ಅರ್ಥವಾಯಿತು ಎಂದು ತಲೆಯಾಡಿಸಿ, "ಧಕ್ಕೆಯಿಂದ ಎಷ್ಟು ದೂರ?" ಎಂದು ಕೇಳಿದರು. ಅದು ಇಂಗ್ಲಿಷಿನಲ್ಲೂ ಇರಲಿಲ್ಲ. ಕೆಲಸ ಕೊಟ್ಟವರಿಗೆ ಫೋನ್ ಮಾಡಿ, ಎಷ್ಟು ಮೀಟರ್ ಎಂದು ಬರೆಸಿಕೊಂಡ ಮೇಲೆಯೇ ಅಚ್ಚಿಗೆ ಕಳಿಸಿದೆ.